ಮಂದ ಕಾವಿನ ಪುಟ್ಟ ಸಾಸೇಜುಗಳು

ಅಮೆರಿಕದ ಮನೆಗಳಲ್ಲಿ ನಂಟರಿಷ್ಟರು ಸೇರಿದಾಗ ಊಟಕ್ಕೆ ಮುನ್ನ ಕೊಡುವ ತಿನಿಸುಗಳಲ್ಲಿ, ನೋಡಲು ಸರಳವಾದರೂ ನಿಜವಾದ ಹದವನ್ನು ಬೇಡುವುದು ಕಾಕ್‌ಟೇಲ್ ಸಾಸೇಜ್. ಕೊಚ್ಚಿದ ಮಾಂಸಕ್ಕೆ ಮಸಾಲೆ ಬೆರೆಸಿ, ಕಿರುಬೆರಳಿನ ಗಾತ್ರಕ್ಕೆ ಸುತ್ತಿ, ಹೊಗೆಯಾಡಿಸಿದ ಈ ತುಂಡುಗಳು ಮೊದಲೇ ಬೆಂದಿರುವುದರಿಂದ ಇಲ್ಲಿ ಉಳಿದಿರುವ ಕೆಲಸ ರಸ ಹಿಡಿಸುವುದೊಂದೇ.

ಆ ಕೆಲಸಕ್ಕೆ ಒದಗುವುದು ಸ್ಲೋ ಕುಕ್ಕರ್, ಅಂದರೆ ದಪ್ಪ ಪಿಂಗಾಣಿ ಪಾತ್ರೆಯನ್ನು ವಿದ್ಯುತ್ತಿನ ಮಂದ ಕಾವಿನಲ್ಲಿ ಗಂಟೆಗಟ್ಟಲೆ ಇರಿಸುವ ಒಲೆ. ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಪಾತ್ರೆಯನ್ನು ರೈವಲ್ ಕಂಪನಿಯು 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮನೆಮನೆಗೆ ತಲುಪಿಸಿತು.

ರಸಕ್ಕೆ ಬೇಕಾದುದು ದ್ರಾಕ್ಷಿ ಜೆಲ್ಲಿ ಮತ್ತು ಚಿಲ್ಲಿ ಸಾಸ್; ಹೆಸರಿನಲ್ಲಿ ಮೆಣಸಿನಕಾಯಿ ಇದ್ದರೂ ಅಮೆರಿಕದ ಈ ಸಾಸಿನಲ್ಲಿ ಮುಂದಾಗಿ ನಿಲ್ಲುವುದು ಟೊಮೆಟೊ, ವಿನೆಗರ್, ಸಕ್ಕರೆಗಳ ಹುಳಿಸಿಹಿ. ಮೊದಲು ಗಾಜಿನ ಚೂರಿನಂತೆ ನಡುಗುತ್ತ ಕುಳಿತ ಜೆಲ್ಲಿಯು ಅಂಚಿನಿಂದ ಕರಗತೊಡಗಿ, ಕೆಂಪು ಸಾಸಿನೊಳಗೆ ನೇರಳೆ ಎಳೆಗಳಾಗಿ ಹರಿದು, ಕೊನೆಗೆ ಎರಡೂ ಬೆರೆತು ಕಂದುಗೆಂಪಾಗುವ ಬದಲಾವಣೆಯು ಎಷ್ಟು ನೋಡಿದರೂ ತಣಿಯದ ಸೊಗಸು. ಅವಸರದಲ್ಲಿ ಕೊತಕೊತ ಕುದಿಸಿದರೆ ಸಾಸೇಜಿನ ಸಿಪ್ಪೆ ಬಿರಿದು ಕೊಬ್ಬು ಮೇಲೆ ತೇಲುತ್ತದೆ. ಪಾತ್ರೆಯ ಅಂಚಿನಲ್ಲಷ್ಟೇ ಸಣ್ಣ ಗುಳ್ಳೆ ಏಳುವಂತೆ ಎರಡು ಮೂರು ಗಂಟೆ ಬಿಟ್ಟರೆ ಸಿಪ್ಪೆ ಬಿಗಿಯಾಗಿಯೇ ಉಳಿಯುತ್ತದೆ. ಪದೇ ಪದೇ ಮುಚ್ಚಳ ತೆಗೆಯದಿರುವ ತಾಳ್ಮೆಯೇ ಇಲ್ಲಿನ ದೊಡ್ಡ ಕೌಶಲ. ಹಲ್ಲುಕಡ್ಡಿಗೆ ಚುಚ್ಚಿ ಎತ್ತಿದಾಗ ರಸವು ತೊಟ್ಟಿಕ್ಕದೆ, ಜೆಲ್ಲಿಯಲ್ಲಿರುವ ಪೆಕ್ಟಿನ್ ಎಂಬ ಹಣ್ಣಿನ ಅಂಟಿನಿಂದ ತುಸು ಮಂದವಾಗಿ, ಸಾಸೇಜಿನ ಮೈಗೆ ತೆಳುವಾದ ಹೊಳಪಾಗಿ ಅಂಟಿಕೊಳ್ಳುತ್ತದೆ.