ಬಡಿಸಿ ಪಡೆದ ದರ್ಶನ

ಫಿಜಿಯ ವಿಟಿ ಲೆವು ದ್ವೀಪದ ದಕ್ಷಿಣ ತೀರದಲ್ಲಿರುವ ಪೆಸಿಫಿಕ್ ಹಾರ್ಬರ್‌ನಿಂದ ದೋಣಿ ಹತ್ತಿ ಬೆಂಗಾ ದ್ವೀಪದ ದಿಕ್ಕಿಗೆ ಹೊರಟರೆ, ಹೆಚ್ಚು ಹೊತ್ತಾಗುವ ಮೊದಲೇ ಶಾರ್ಕ್ ರೀಫ್ ಎಂಬ ಸಣ್ಣ ಹವಳದ ದಿಬ್ಬ ಸಿಗುತ್ತದೆ. ಪಂಜರದ ಆಸರೆಯಿಲ್ಲದೆ ದೊಡ್ಡ ಶಾರ್ಕ್‌ಗಳನ್ನು ನೋಡಬಯಸುವ ಡೈವರ್‌ಗಳಿಗೆ ಇದು ಹೆಸರಾಂತ ಜಾಗ. ಎಂಟು ಜಾತಿಯ ಶಾರ್ಕ್‌ಗಳು ಇಲ್ಲಿ ಕಾಣಿಸಿಕೊಳ್ಳುತ್ತವೆ. ಪ್ರಧಾನ ಪಾತ್ರ ಬುಲ್ ಶಾರ್ಕ್‌ನದು. ಹೇಳಿದ ಹೊತ್ತಿಗೆ ಅವು ತಾವಾಗಿ ಬಂದು ನಿಲ್ಲುವುದಿಲ್ಲ, ಮೀನಿನ ತಲೆಗಳನ್ನು ಉಣಿಸಿ ಅವನ್ನು ಬರಿಸಿಕೊಳ್ಳುತ್ತಾರೆ. ಹೀಗಾಗಿ ಇಲ್ಲಿ ಕಾಣುವುದನ್ನು ಕಡಲಿನ ಆಕಸ್ಮಿಕ ಎಂದು ಮೆಚ್ಚಿ ಸುಮ್ಮನಾಗುವಂತಿಲ್ಲ. ಇದು ಮನುಷ್ಯರು ಕಟ್ಟಿ ನಿಲ್ಲಿಸಿದ ಪ್ರದರ್ಶನ. ಪ್ರದರ್ಶನ ಎಂದ ಮೇಲೆ ಅದನ್ನು ಹೇಗೆ ಕಟ್ಟಿದ್ದಾರೆ, ಏನು ಕಲಿಸುತ್ತದೆ, ಬಂದ ಹಣ ಯಾರ ಕೈಸೇರುತ್ತದೆ ಎಂದು ಕೇಳುವ ಹಕ್ಕು ನೋಡುಗನಿಗಿದೆ.

ಕಟ್ಟಿದ ರೀತಿಯ ಬಗ್ಗೆ ತಕರಾರು ಕಡಿಮೆ. ಮೂವತ್ತು ಮೀಟರ್ ಆಳದಲ್ಲಿ ಒಡೆದ ಹವಳದ ತುಂಡುಗಳಿಂದ ಕಟ್ಟಿದ ಗಿಡ್ಡ ಗೋಡೆಯಿದೆ. ಡೈವರ್‌ಗಳು ಅದರ ಹಿಂದೆ ಸಾಲಾಗಿ ಮೊಣಕಾಲೂರಿ ಕೂರಬೇಕು, ಕೈಗಳನ್ನು ಮೈಗೆ ಒತ್ತಿಕೊಂಡಿರಬೇಕು. ಬೆನ್ನ ಹಿಂದೆ ಕೋಲು ಹಿಡಿದ ಸ್ಥಳೀಯ ಗೈಡ್‌ಗಳು ನಿಂತಿರುತ್ತಾರೆ. ಎದುರಿಗೆ ಉಣಿಸುವಾತ, ಅವನ ಕೈಗೆ ಉಕ್ಕಿನ ಬಳೆಗಳನ್ನು ಹೆಣೆದ ಗವಸು, ಪಕ್ಕದಲ್ಲಿ ಟ್ಯೂನಾ ತಲೆಗಳು ತುಂಬಿದ ಡಬ್ಬ. ಬುಲ್ ಶಾರ್ಕ್ ನೇರವಾಗಿ ಎರಗುವುದಿಲ್ಲ. ಒಂದು ಸುತ್ತು ಹಾಕುತ್ತದೆ, ಹಿಂಜರಿಯುತ್ತದೆ, ಮತ್ತೊಂದು ಸುತ್ತು ಬಂದು ತಲೆಯನ್ನು ಕೈಯಿಂದ ಕಚ್ಚಿಕೊಂಡು ಸರಿದುಹೋಗುತ್ತದೆ. ಡೈವ್‌ನ ಮೇಲಿನ ಹಂತಗಳಲ್ಲಿ ಗ್ರೇ ರೀಫ್ ಶಾರ್ಕ್‌ಗಳು, ಇನ್ನೂ ಮೇಲೆ ವೈಟ್‌ಟಿಪ್ ಮತ್ತು ಬ್ಲ್ಯಾಕ್‌ಟಿಪ್‌ಗಳು ಎದುರಾಗುತ್ತವೆ. ಡೈವರ್‌ಗಳು ಹೇಗೂ ಮೈಯೊಳಗಿನ ನೈಟ್ರೋಜನ್ ಇಳಿಸಿಕೊಳ್ಳಲು ನಿಧಾನವಾಗಿ, ನಿಂತು ನಿಂತು ಮೇಲೇರಲೇಬೇಕು. ದೊಡ್ಡದರಿಂದ ಸಣ್ಣದಕ್ಕೆ, ಕತ್ತಲಿನಿಂದ ಬೆಳಕಿಗೆ ಸಾಗುವ ಈ ಕ್ರಮ ಡೈವಿಂಗ್‌ನ ಸುರಕ್ಷತಾ ನಿಯಮಕ್ಕೆ ಹೊಂದಿಕೊಂಡಿದೆ. ಹೊರಗಿನಿಂದ ನೋಡಿದರೆ ದುಸ್ಸಾಹಸದಂತೆ ಕಾಣುವ ಆಟ ಒಳಗೆ ಲೆಕ್ಕಾಚಾರದಿಂದ ನಡೆಯುತ್ತದೆ.

ನೋಡುಗನ ಮನಸ್ಸಿನ ಮೇಲೆ ಇದು ಮಾಡುವ ಕೆಲಸವೂ ಚಿಕ್ಕದಲ್ಲ. 1975ರ 'ಜಾಸ್' ಚಿತ್ರ ಬಂದ ಮೇಲೆ ಶಾರ್ಕ್ ಎಂದರೆ ಬಾಯಿ ಮಾತ್ರ ಎಂಬ ಕಲ್ಪನೆ ಜಗತ್ತಿನ ತುಂಬ ಹರಡಿತು. ಅದರಲ್ಲೂ ಬುಲ್ ಶಾರ್ಕ್ ಮನುಷ್ಯರ ಮೇಲೆ ದಾಳಿ ಮಾಡುವ ಜಾತಿಗಳ ಪಟ್ಟಿಯಲ್ಲಿ ಮೊದಲ ಮೂರರಲ್ಲೇ ಬರುತ್ತದೆ. ಅಂಥ ಪ್ರಾಣಿ ಕೈಯಳತೆಯಲ್ಲಿ ತನ್ನ ಸರದಿಗಾಗಿ ಕಾಯುವುದನ್ನು, ಮನುಷ್ಯರ ಸಾಲನ್ನು ಗಮನಿಸಿಯೂ ಗಮನಿಸದಂತೆ ಸಾಗುವುದನ್ನು ಕಂಡವನು ಅದನ್ನು ಮತ್ತೆ ಬರೀ ಬಾಯಿ ಎಂದು ಭಾವಿಸಲಾರ. ಮನುಷ್ಯರು ವರ್ಷಕ್ಕೆ ಕೊಲ್ಲುವ ಶಾರ್ಕ್‌ಗಳು ಸುಮಾರು 10 ಕೋಟಿ ಎಂದು 2013ರ ಅಧ್ಯಯನವೊಂದು ಅಂದಾಜು ಮಾಡಿದೆ. ಯಾರು ಯಾರಿಗೆ ಹೆದರಬೇಕು ಎಂಬ ಪ್ರಶ್ನೆಗೆ ಈ ಸಂಖ್ಯೆ ಉತ್ತರ ಕೊಡುತ್ತದಾದರೂ ಅದನ್ನು ಓದಿದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಶಾರ್ಕ್ ರೀಫ್‌ನ ಅರ್ಧ ಗಂಟೆ ಆ ಕೆಲಸ ಮಾಡುತ್ತದೆ.

ಹಾಗಿದ್ದರೂ ಅಲ್ಲಿ ಕಾಣುವುದು ಊಟದ ಹೊತ್ತಿನ ಶಾರ್ಕ್ ಮಾತ್ರ. ದೇವಸ್ಥಾನದ ವಿಶೇಷ ದರ್ಶನದ ಚೀಟಿಯಂತೆ ಇಲ್ಲಿ ಕಾಣಿಕೆ ಕೊಟ್ಟವನಿಗೆ ದರ್ಶನ ಬಹುಮಟ್ಟಿಗೆ ಖಾತ್ರಿ, ಆ ಖಾತ್ರಿಯೇ ಅನುಭವವನ್ನು ತುಸು ತೆಳುವಾಗಿಸುತ್ತದೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೀರಿಗಿಳಿಯುವವರಿಗೆ ಶಾರ್ಕ್ ಕಂಡರೆ ಅದು ಅದೃಷ್ಟ, ಕಾಣದಿದ್ದರೆ ಯಾರನ್ನೂ ದೂರುವಂತಿಲ್ಲ. ಕಾಣದೆ ಬರಬಹುದು ಎಂಬ ಸಾಧ್ಯತೆ ಇರುವಲ್ಲಿ ಕಣ್ಣು ಚುರುಕಾಗಿರುತ್ತದೆ, ಸಿಕ್ಕಿದ್ದನ್ನೆಲ್ಲ ಗಮನಿಸುತ್ತದೆ. ಗೋಡೆಯ ಹಿಂದೆ ಕೂತವನು ಡಬ್ಬದ ಸುತ್ತಲಿನ ನಾಲ್ಕು ಮಾರು ಜಾಗವನ್ನಷ್ಟೇ ನೋಡುತ್ತಾನೆ. ಅಲ್ಲೇ ಸುಳಿದಾಡುವ ನೂರಾರು ಬೇರೆ ಮೀನುಗಳು ಅವನಿಗೆ ಪರದೆಯಂತೆ ಅಡ್ಡಬರುತ್ತವೆ.

ಉಣಿಸುವುದರಿಂದ ಶಾರ್ಕ್ ಕೆಡುತ್ತದೆ ಎಂಬ ಆಕ್ಷೇಪ ಹಳೆಯದು. ಅಮೆರಿಕದ ಫ್ಲೋರಿಡಾ ರಾಜ್ಯ ತನ್ನ ನೀರಿನಲ್ಲಿ ಡೈವರ್‌ಗಳು ಮೀನುಗಳಿಗೆ ಆಹಾರ ಹಾಕುವುದನ್ನೇ 2002ರಿಂದ ನಿಷೇಧಿಸಿದೆ. ಆದರೆ ಪುರಾವೆಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುವುದಿಲ್ಲ. ಆಸ್ಟ್ರೇಲಿಯಾದ ಕೋರಲ್ ಸಮುದ್ರದ ಓಸ್ಪ್ರೇ ರೀಫ್‌ನಲ್ಲಿ ಆಹಾರ ಹಾಕಿದ ದಿನಗಳಲ್ಲಿ ವೈಟ್‌ಟಿಪ್ ಶಾರ್ಕ್‌ಗಳು ಶೇ. 6ರಷ್ಟು ಹೆಚ್ಚು ಶಕ್ತಿ ವ್ಯಯಿಸುತ್ತವೆ ಎಂದು ಸಂಶೋಧಕರು ಅಳೆದಿದ್ದಾರೆ. ಹಗಲು ವಿಶ್ರಮಿಸಬೇಕಾದ ಪ್ರಾಣಿ ಡಬ್ಬದ ಸುತ್ತ ಈಜುತ್ತಿರುತ್ತದೆ. ಫ್ರೆಂಚ್ ಪಾಲಿನೇಷಿಯಾದ ಮೂರಿಯಾದಲ್ಲಿ ಉಣಿಸುವ ಜಾಗದಲ್ಲೇ ಲೆಮನ್ ಶಾರ್ಕ್‌ಗಳು ಹೆಚ್ಚು ಬೀಡುಬಿಡತೊಡಗಿದ್ದನ್ನು ದಾಖಲಿಸಲಾಗಿದೆ. ಫಿಜಿಯ ಚಿತ್ರ ಬೇರೆ. ಇಲ್ಲಿನ ಬುಲ್ ಶಾರ್ಕ್‌ಗಳಿಗೆ ಟ್ಯಾಗ್ ಹಾಕಿ ಹಿಂಬಾಲಿಸಿದ ಅಧ್ಯಯನಗಳು, ಅವು ಸಿಕ್ಕಾಗ ತಿಂದು ಹೋಗುವ ಅವಕಾಶವಾದಿ ಅತಿಥಿಗಳು ಎನ್ನುತ್ತವೆ. ಅವುಗಳ ಅಂಗಾಂಶ ಪರೀಕ್ಷಿಸಿದಾಗಲೂ ಪ್ರವಾಸಿಗರ ಡಬ್ಬವೇ ಅವುಗಳ ಮುಖ್ಯ ಆಹಾರವಾಗಿಬಿಟ್ಟ ಗುರುತು ಸಿಗಲಿಲ್ಲ. ಅಂದರೆ ಉಣಿಸುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಜಾತಿಗೆ, ಎಷ್ಟು, ವಾರಕ್ಕೆ ಎಷ್ಟು ದಿನ ಎಂದು ಕೇಳಬೇಕು. ಆ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟು ಸಂಶೋಧಕರಿಗೆ ಒದಗಿಸಿದ್ದು ಶಾರ್ಕ್ ರೀಫ್‌ನ ಹೆಚ್ಚುಗಾರಿಕೆ.

ನನ್ನ ಆಕ್ಷೇಪ ಇರುವುದು ಈ ಪ್ರದರ್ಶನ ಹೇಳದೆ ಬಿಡುವ ಸಂಗತಿಯ ಬಗ್ಗೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಇಲ್ಲಿ ಬುಲ್ ಶಾರ್ಕ್‌ಗಳ ಸಂಖ್ಯೆ ಇಳಿಯುತ್ತದೆ. ಕೂಡುವ, ಮರಿ ಹಾಕುವ ಕಾಲಕ್ಕೆ ಅವು ದಿಬ್ಬ ಬಿಟ್ಟು ಹೋಗುತ್ತವೆ. ಸಿಹಿನೀರಿನಲ್ಲೂ ಬದುಕಬಲ್ಲ ಈ ಜಾತಿಯ ಮರಿಗಳು ಸಿಕ್ಕಿರುವುದು ರೇವಾ, ನವುವಾ, ಸಿಂಗಾಟೋಕಾದಂಥ ನದಿಗಳಲ್ಲಿ. ಅಲ್ಲಿ ಗೋಡೆಯೂ ಇಲ್ಲ, ಗೈಡ್‌ಗಳೂ ಇಲ್ಲ; ಕೆಸರು ನೀರಿನಲ್ಲಿ ಮರಿ ಬಲೆಗೆ ಬಿದ್ದರೆ ನೋಡಲು ಟಿಕೆಟ್ ಕೊಂಡವರೂ ಇಲ್ಲ. ದಿಬ್ಬವನ್ನಷ್ಟೇ ಕಾಯ್ದರೆ ಶಾರ್ಕ್‌ನ ಬಾಳಿನ ಒಂದು ಕೋಣೆಗೆ ಬೀಗ ಹಾಕಿ ಉಳಿದವನ್ನು ತೆರೆದಿಟ್ಟ ಹಾಗೆ. ಡೈವ್‌ಗೆ ಮುಂಚಿನ ವಿವರಣೆಯಲ್ಲಿ ಕೈ ಎಲ್ಲಿರಬೇಕು ಎಂಬುದಕ್ಕೆ ಸಿಗುವ ಸಮಯದಲ್ಲಿ ಒಂದು ಪಾಲು ನವುವಾ ನದಿಗೂ ಸಿಗಬೇಕು.

ಇಷ್ಟರ ನಡುವೆಯೂ ಈ ಪ್ರಯೋಗದ ನಿಜವಾದ ಸಾಧನೆ ನೀರಿನ ಮೇಲಿದೆ. ಫಿಜಿಯಲ್ಲಿ ದಡದ ಹವಳ ದಿಬ್ಬಗಳ ಮೀನುಗಾರಿಕೆಯ ಹಕ್ಕು ವಂಶಪಾರಂಪರ್ಯವಾಗಿ ಊರಿನ ಕುಲಗಳಿಗೆ ಸೇರಿದ್ದು. 2004ರಲ್ಲಿ ಗಲೋವಾ ಮತ್ತು ವೈನಿಯಂಬಿಯಾ ಎಂಬ ಹಳ್ಳಿಗಳವರು ಶಾರ್ಕ್ ರೀಫ್‌ನಲ್ಲಿ ಮೀನು ಹಿಡಿಯುವ ಹಕ್ಕನ್ನು ಬಿಟ್ಟುಕೊಟ್ಟರು. ಬದಲಿಗೆ ಇಳಿಯುವ ಪ್ರತಿ ಡೈವರ್‌ನಿಂದ ಒಂದು ಶುಲ್ಕ ಸಂಗ್ರಹಿಸಿ ಹಳ್ಳಿಗಳಿಗೆ ಕೊಡುವ ಒಪ್ಪಂದವಾಯಿತು. ಊರಿನ ಯುವಕರಿಗೆ ಡೈವಿಂಗ್ ತರಬೇತಿ, ಕೆಲಸ ಸಿಕ್ಕಿತು. 2014ರಲ್ಲಿ ಇದು ಫಿಜಿಯ ಮೊದಲ ರಾಷ್ಟ್ರೀಯ ಸಾಗರ ಉದ್ಯಾನವಾಯಿತು. ಸಂರಕ್ಷಣೆಯ ಹೆಸರಿನಲ್ಲಿ ಬೆಸ್ತರನ್ನು ಒಕ್ಕಲೆಬ್ಬಿಸಿ ಬೇಲಿ ಹಾಕುವ ಕತೆಗಳೇ ಹೆಚ್ಚಿರುವ ಲೋಕದಲ್ಲಿ, ಹಕ್ಕುದಾರನನ್ನು ಹಕ್ಕುದಾರನೆಂದೇ ಒಪ್ಪಿಕೊಂಡು ಅವನ ತ್ಯಾಗಕ್ಕೆ ಬೆಲೆ ಕಟ್ಟಿದ್ದು ದೊಡ್ಡ ಮಾತು.

ಕಟ್ಟಿದ ಬೆಲೆ ಸಾಕೇ? ಆಸ್ಟ್ರೇಲಿಯಾದ ಸಂಶೋಧಕರು 2010ರ ಅಂಕಿಗಳನ್ನು ಆಧರಿಸಿ, ಶಾರ್ಕ್ ಡೈವಿಂಗ್‌ನಿಂದ ಇಡೀ ಫಿಜಿಯ ಆರ್ಥಿಕತೆಗೆ ಸಿಗುವುದು ವರ್ಷಕ್ಕೆ 4.22 ಕೋಟಿ ಅಮೆರಿಕನ್ ಡಾಲರ್ ಎಂದು ಲೆಕ್ಕ ಹಾಕಿದರು. ಇದರಲ್ಲಿ ಸ್ಥಳೀಯರ ಸಂಬಳ 39 ಲಕ್ಷ. ದಿಬ್ಬಗಳ ಬಳಕೆಗಾಗಿ ಹಳ್ಳಿಗಳಿಗೆ ಶುಲ್ಕದ ರೂಪದಲ್ಲಿ ಸಂದಿದ್ದು 1,24,200 ಡಾಲರ್. ಅಂದರೆ ನೂರು ಡಾಲರ್‌ಗೆ ಮೂವತ್ತು ಸೆಂಟ್ ಕೂಡ ಇಲ್ಲ. ಇದು ದೇಶದ ಎಲ್ಲ ಕಂಪನಿಗಳ ಲೆಕ್ಕ, ಶಾರ್ಕ್ ರೀಫ್ ಒಂದರದ್ದಲ್ಲ. ಶುಲ್ಕದ ಪದ್ಧತಿಗೆ ಮಾದರಿಯಾದ ಜಾಗವನ್ನೇ ಈ ಅಂಕಿಗೆ ಹೊಣೆ ಮಾಡುವುದು ಅನ್ಯಾಯ. ಆದರೂ ಶಾರ್ಕ್ ಜೀವಂತವಾಗಿ ಈಜುತ್ತಿರುವುದು ಯಾರು ಬಲೆ ಮಡಚಿಟ್ಟರೋ ಅವರಿಂದ ಎಂದಾದರೆ, ಅವರ ಪಾಲು ಹೋಟೆಲಿನ ಒಂದು ರಾತ್ರಿಯ ಬಾಡಿಗೆಯ ಎದುರಿಗೂ ನಾಚುವಂತಿರಬಾರದು.

ಶಾರ್ಕ್‌ಗೆ ಡಾಲರ್ ಚೀಟಿ ಅಂಟಿಸುವ ಈ ವಾದಕ್ಕೇ ಒಂದು ಮಿತಿಯಿದೆ. ಪಲಾವು ದ್ವೀಪರಾಷ್ಟ್ರದಲ್ಲಿ ಒಂದು ಶಾರ್ಕ್ ತನ್ನ ಜೀವಮಾನದಲ್ಲಿ ಪ್ರವಾಸೋದ್ಯಮಕ್ಕೆ 19 ಲಕ್ಷ ಡಾಲರ್ ತರುತ್ತದೆ ಎಂಬ ಲೆಕ್ಕ ಬಲು ಪ್ರಸಿದ್ಧ. ಡೈವರ್‌ಗಳು ಬಾರದ ಕಡಲಿನಲ್ಲಿ, ಕ್ಯಾಮೆರಾಕ್ಕೆ ಒಲಿಯದ ಜಾತಿಗಳಿಗೆ ಆ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಕೋವಿಡ್ ಕಾಲದಲ್ಲಿ ಫಿಜಿಯ ಗಡಿ ಮುಚ್ಚಿ ಪ್ರವಾಸಿಗರು ನಿಂತುಹೋದಾಗ, ಆದಾಯವನ್ನೇ ನೆಚ್ಚಿದ ರಕ್ಷಣೆ ಎಷ್ಟು ತೆಳ್ಳಗಿನದು ಎಂದು ಎಲ್ಲರಿಗೂ ಅರಿವಾಯಿತು. ಹಣದ ವಾದ ಬಾಗಿಲು ತೆರೆಸಲು ಬೇಕು. ಮನೆ ನಿಲ್ಲಬೇಕಾದರೆ ಕಾನೂನಿನ ಕಂಬವೂ ಬೇಕು.

ಒಟ್ಟಿನಲ್ಲಿ ಶಾರ್ಕ್ ರೀಫ್ ನೋಟವಾಗಿ ಉತ್ತಮ, ಪಾಠವಾಗಿ ಅರ್ಧ, ಒಪ್ಪಂದವಾಗಿ ಇತರರು ಅನುಸರಿಸಬೇಕಾದ ಮೇಲ್ಪಂಕ್ತಿ. ಇದನ್ನು ನಕಲು ಮಾಡುವವರು ಸಾಮಾನ್ಯವಾಗಿ ಸುಲಭದ ಭಾಗವನ್ನು, ಎಂದರೆ ಡಬ್ಬ ಮತ್ತು ಗವಸನ್ನು ಮಾತ್ರ ಒಯ್ಯುತ್ತಾರೆ. ಹಳ್ಳಿಯ ಸಹಿ ಮತ್ತು ಶಾರ್ಕ್‌ಗಳ ದಿನಚರಿ ಪುಸ್ತಕ ಇಲ್ಲದ ಕಡೆ ಆಹಾರ ಹಾಕಿ ತೋರಿಸುವ ಡೈವ್‌ಗೆ ಸಮರ್ಥನೆಯಿಲ್ಲ. ಅಂಥ ದೋಣಿ ಹತ್ತುವ ಮುನ್ನ ಕೇಳಬೇಕಾದ್ದು ಶಾರ್ಕ್ ಎಷ್ಟು ಹತ್ತಿರ ಬರುತ್ತದೆ ಎಂದಲ್ಲ, ಈ ದಿಬ್ಬದ ಹಕ್ಕು ಯಾರದು, ನನ್ನ ದುಡ್ಡಿನಲ್ಲಿ ಅವರಿಗೆ ಸಲ್ಲುವುದೆಷ್ಟು ಎಂದು. ಉತ್ತರ ಕೊಡಲು ತಡವರಿಸುವವರ ದೋಣಿಯಿಂದ ಇಳಿದುಬಿಡುವುದೇ ವಾಸಿ.