ಊರಲ್ಲೇ ಉಳಿದವಳ ಕಥೆ

ಪೌಲ್ ಸೀಮೋನ್ ಮೊದಲ ಮಹಾಯುದ್ಧದಿಂದ ಊರಿಗೆ ನಡೆದು ಬರುವುದು 1919ರ ಮೇ ತಿಂಗಳಲ್ಲಿ. ಮನೆ ಮುಟ್ಟಿದವನು ಅಮ್ಮನನ್ನು ಹುಡುಕುವುದಿಲ್ಲ. ಅಪ್ಪನ ಕುಲುಮೆಗೆ ನುಗ್ಗಿ, ಅರ್ಧಕ್ಕೆ ನಿಂತ ಕಬ್ಬಿಣದ ಕೆಲಸಕ್ಕೆ ಕೈ ಕೊಡುತ್ತಾನೆ. ಮಾತುಕತೆ ಶುರುವಾಗುವುದು ಆಮೇಲೆ, ಅಡುಗೆಮನೆಯಲ್ಲಿ. ನೆಂಟರಿಷ್ಟರು, ನೆರೆಹೊರೆಯವರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ. ಎಲ್ಲರಿಗೂ ಹೇಳಲು ಏನಾದರೊಂದು ಇದೆ, ಪೌಲ್‌ಗೆ ಮಾತ್ರ ಇಲ್ಲ. ಅವನು ನೊಣವನ್ನು ದಿಟ್ಟಿಸುತ್ತಾನೆ. ಯುದ್ಧದಲ್ಲಿ ಸತ್ತ ಗೆಳೆಯನೊಬ್ಬ ಎದುರಿಗೆ ಕೂತು ಮಾತಾಡಿದಂತೆ ಅವನಿಗೆ ಕಾಣುತ್ತದೆ. ನಿರ್ದೇಶಕ ಎಡ್ಗರ್ ರೈಟ್ಸ್ ಈ ದೃಶ್ಯವನ್ನು ಅವಸರಿಸದೆ ಬೆಳೆಸುತ್ತಾರೆ. ಒಂದೇ ಒಂದು ಗುಂಡಿನ ಸದ್ದಿಲ್ಲದೆ ಯುದ್ಧ ಎಂಥದ್ದೆಂದು ತಿಳಿಯುತ್ತದೆ.

‘ಹೈಮಾಟ್’ 1984ರಲ್ಲಿ ತೆರೆಕಂಡ ಜರ್ಮನ್ ಚಿತ್ರ. ಹನ್ನೊಂದು ಕಂತು, ಹದಿನೈದು ಗಂಟೆಗೂ ಮೀರಿದ ಅವಧಿ. ಹುನ್ಸ್ರುಕ್ ಎಂಬ ಗುಡ್ಡಗಾಡು ಸೀಮೆಯ ಶಾಬಾಖ್ ಎನ್ನುವ ಕಲ್ಪಿತ ಹಳ್ಳಿಯಲ್ಲಿ ಒಂದು ಕಮ್ಮಾರ ಕುಟುಂಬ 1919ರಿಂದ 1982ರವರೆಗೆ ಬಾಳಿದ ಬಾಳೇ ಇದರ ವಸ್ತು. ರೈಟ್ಸ್ ಹುಟ್ಟಿದ್ದೂ ಅದೇ ಸೀಮೆಯ ಮೋರ್‌ಬಾಖ್‌ನಲ್ಲಿ, ಗಡಿಯಾರ ರಿಪೇರಿಯವರ ಮಗನಾಗಿ. ಹಿಂದಿನ ಚಿತ್ರ ಸೋತು, ಕೈ ಬರಿದಾಗಿ, 1978ರ ಕೊನೆಯ ಚಳಿಗಾಲದಲ್ಲಿ ಝ್ಯೂಲ್ಟ್ ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿ ಕೂತಿದ್ದಾಗ ತಮ್ಮ ಮನೆತನದ ಕಥೆ ಬರೆಯಲು ಶುರುಮಾಡಿದರು. 1979ರ ಜನವರಿಯಲ್ಲಿ ಅಮೆರಿಕದ ‘ಹೋಲೊಕಾಸ್ಟ್’ ಧಾರಾವಾಹಿ ಪಶ್ಚಿಮ ಜರ್ಮನಿಯ ಟಿವಿಯಲ್ಲಿ ಬಂತು. ನಮ್ಮ ಚರಿತ್ರೆಯನ್ನು ಬೇರೆಯವರು ಅವರ ಅಳತೆಗೆ ಹೊಲಿದುಬಿಟ್ಟರು ಎಂಬ ಸಿಟ್ಟು ಬರವಣಿಗೆಗೆ ಕಿಚ್ಚು ಹಚ್ಚಿತು. ಪೀಟರ್ ಸ್ಟೈನ್‌ಬಾಖ್ ಜೊತೆ ಚಿತ್ರಕಥೆ ಬರೆದು, ಆ ಸೀಮೆಯ ಹಳ್ಳಿಗಳಲ್ಲೇ, ಅಲ್ಲಿನ ಜನರನ್ನೇ ಸೇರಿಸಿಕೊಂಡು, ಅವರ ಆಡುಮಾತಿನಲ್ಲೇ ಚಿತ್ರೀಕರಿಸಿದರು. ಗೆರ್ನೋಟ್ ರೋಲ್ ಅವರ ಕ್ಯಾಮೆರಾ ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ಜಾರುವುದಕ್ಕೂ ಬಣ್ಣದಿಂದ ಹಿಂತಿರುಗುವುದಕ್ಕೂ ಒಂದು ಸೂತ್ರ ಹುಡುಕಬೇಡಿ, ಸಿಗುವುದಿಲ್ಲ. ನೆನಪು ಬರುವುದೂ ಹಾಗೇ ಅಲ್ಲವೆ?

ಪೌಲ್ ರೇಡಿಯೊ ಕಟ್ಟುತ್ತಾನೆ, ಮಾರಿಯಾಳನ್ನು ಮದುವೆಯಾಗುತ್ತಾನೆ, ಇಬ್ಬರು ಗಂಡುಮಕ್ಕಳ ತಂದೆಯಾಗುತ್ತಾನೆ. 1928ರಲ್ಲಿ ಒಂದು ದಿನ ಯಾರಿಗೂ ಹೇಳದೆ ನಡೆದುಹೋಗುತ್ತಾನೆ. ಜಗಳವಿಲ್ಲ, ಕಾರಣವಿಲ್ಲ. ಅಮೆರಿಕದಲ್ಲಿ ಕಾರ್ಖಾನೆಯ ಒಡೆಯನಾಗುತ್ತಾನೆ. ಬೇರೆ ನಿರ್ದೇಶಕರಾಗಿದ್ದರೆ ಕ್ಯಾಮೆರಾ ಅವನ ಬೆನ್ನು ಹತ್ತಿ ಹಡಗು ಏರುತ್ತಿತ್ತು. ಇಲ್ಲಿ ಅದು ಅಡುಗೆಮನೆ ಬಿಡುವುದಿಲ್ಲ. ಹೊರಟವರ ಕಥೆಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ, ಉಳಿದವರ ಕಥೆಗೆ ದಿನಗಳು ಮಾತ್ರ ಇರುತ್ತವೆ. ಆ ದಿನಗಳನ್ನೇ ಹದಿನೈದು ಗಂಟೆ ನೋಡುವಂತೆ ಮಾಡಿದ್ದು ರೈಟ್ಸ್ ಅವರ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ.

ಮಾರಿಯಾ ಹುಟ್ಟಿದ್ದು 1900ರಲ್ಲಿ. ಹತ್ತೊಂಬತ್ತರ ಹುಡುಗಿಯಿಂದ ಎಂಬತ್ತೆರಡರ ಮುದುಕಿಯವರೆಗೂ ಆ ಪಾತ್ರ ಒಬ್ಬರದೇ, ಮಾರಿಟಾ ಬ್ರೊಯರ್ ಅವರದು. ಚಿತ್ರೀಕರಣದ ಹೊತ್ತಿಗೆ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೇಕಪ್ಪಿನ ಮಾತು ಬಿಡಿ, ಅವರ ಕುತ್ತಿಗೆ, ಹೆಗಲು, ಕುರ್ಚಿಯಿಂದ ಏಳುವ ರೀತಿ ಗಮನಿಸಿ. ಕಂತಿನಿಂದ ಕಂತಿಗೆ ಮೈ ಭಾರವಾಗುತ್ತ ಹೋಗುತ್ತದೆ.

ಈ ಮಾರಿಯಾ ದೇವತೆಯಲ್ಲ. ಹೆದ್ದಾರಿ ಕೆಲಸಕ್ಕೆ ಬಂದ ಎಂಜಿನಿಯರ್ ಓಟೊನನ್ನು ಪ್ರೀತಿಸಿ, 1940ರಲ್ಲಿ ಅವನಿಂದ ಹೆರ್ಮಾನ್‌ನನ್ನು ಹೆರುತ್ತಾಳೆ. ಓಟೊ ಬಾಂಬ್ ನಿಷ್ಕ್ರಿಯಗೊಳಿಸುವಾಗ ಸಾಯುತ್ತಾನೆ. ಐವತ್ತರ ದಶಕದಲ್ಲಿ ಹದಿಹರೆಯದ ಹೆರ್ಮಾನ್ ತನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಕ್ಲಾರ್ಷೆನ್‌ಳನ್ನು ಪ್ರೀತಿಸಿದಾಗ, ಊರಿನ ಕಟ್ಟುಪಾಡನ್ನು ತಾನೇ ಮೀರಿದ್ದ ಈ ತಾಯಿ ಅವರಿಬ್ಬರನ್ನೂ ಕಠೋರವಾಗಿ ಬೇರ್ಪಡಿಸುತ್ತಾಳೆ. ಮಗ ಊರು ಬಿಡುತ್ತಾನೆ. ಈ ಕಂತು ನೋಡುವಾಗ ನನಗೆ ಮಾರಿಯಾಳ ಮೇಲೆ ಸಿಟ್ಟು ಬರುತ್ತದೆ, ಹಾಗೆ ಬರುವುದೇ ಸರಿ.

ಎರಡನೆಯ ಯುದ್ಧದ ನಂತರದ ಭಾಗವನ್ನು ವಿಮರ್ಶಕರು ಅಷ್ಟಾಗಿ ಹೊಗಳುವುದಿಲ್ಲ. ನನ್ನ ಅಭಿಪ್ರಾಯ ಬೇರೆ. ಪೌಲ್ ದೊಡ್ಡ ಕಾರಿನಲ್ಲಿ ಅಮೆರಿಕನ್ನನಾಗಿ ಮರಳುತ್ತಾನೆ. ಊರೆಲ್ಲ ಕಣ್ಣರಳಿಸುತ್ತದೆ, ಮಾರಿಯಾ ಮಾತ್ರ ಅವನನ್ನು ಅಪರಿಚಿತನಂತೆ ನೋಡುತ್ತಾಳೆ. ಹಿರಿಮಗ ಆಂಟೋನ್ ಸೋವಿಯತ್ ಸೆರೆಯಿಂದ ನಡೆದೇ ಬಂದವನು, ಅಪ್ಪನಂತೆಯೇ. ಆದರೆ ಮಗ ಊರಲ್ಲೇ ನಿಂತು ಮಸೂರಗಳ ಕಾರ್ಖಾನೆ ಕಟ್ಟುತ್ತಾನೆ. ಮುಂದೆ ಬಹುರಾಷ್ಟ್ರೀಯ ಕಂಪನಿ ದೊಡ್ಡ ಮೊತ್ತ ಮುಂದಿಟ್ಟರೂ ಮಾರುವುದಿಲ್ಲ. ಸೋತ ದೇಶವೊಂದು ಮತ್ತೆ ದುಡಿಯಲು ಕಲಿತದ್ದು ಈ ಷೆಡ್ಡಿನೊಳಗೆ ಕಾಣುತ್ತದೆ.

ಚಿತ್ರದ ಮೇಲೆ ಒಂದು ಗಂಭೀರ ಆಕ್ಷೇಪವಿದೆ: ನಾಜಿಗಳ ಹನ್ನೆರಡು ವರ್ಷ ಇಲ್ಲಿವೆ, ಯಹೂದಿಗಳು ಹೆಚ್ಚುಕಡಿಮೆ ಇಲ್ಲ. ಆಕ್ಷೇಪ ನ್ಯಾಯವಾದದ್ದೇ, ಆದರೂ ಆ ವಿಷಯದ ಸುಳಿವೇ ಇಲ್ಲವೆಂದಲ್ಲ. 1939ರಲ್ಲಿ ಪೌಲ್ ಹಡಗಿನಲ್ಲಿ ಹ್ಯಾಂಬರ್ಗ್‌ವರೆಗೆ ಬರುತ್ತಾನೆ. ಆರ್ಯ ವಂಶದ ದಾಖಲೆ ಇಲ್ಲವೆಂದು ಅವನನ್ನು ಇಳಿಯಗೊಡುವುದಿಲ್ಲ, ಮಾರಿಯಾ ಬಂದರಿನಲ್ಲಿ ಕಾಯುತ್ತಾಳೆ. ಎಸ್‌ಎಸ್ ಸೇರಿದ ಅವಳ ತಮ್ಮ ಯಹೂದಿಗಳ ಗತಿಯನ್ನು ಮನೆಮಾತಿನಂತೆ ಆಡುತ್ತಾನೆ, ಕೇಳಿದವರು ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯನ್ನು ರೈಟ್ಸ್ ತೋರಿಸಿದ್ದಾರೆ. ಆದರೆ ಅದರಿಂದ ನಾಶವಾದವರ ಮುಖ ತೋರಿಸಿಲ್ಲ. ಹದಿನೈದು ಗಂಟೆಯ ಚಿತ್ರದಲ್ಲಿ ಅದಕ್ಕೆ ಜಾಗವಿತ್ತು.

1982ರಲ್ಲಿ ಮಾರಿಯಾ ತೀರಿಕೊಳ್ಳುತ್ತಾಳೆ. ಶವಯಾತ್ರೆಯ ನಡುವೆ ಬಿರುಗಾಳಿ ಮಳೆ ಬಂದು ಎಲ್ಲರೂ ಚದುರಿ ಓಡುತ್ತಾರೆ, ಪೆಟ್ಟಿಗೆ ರಸ್ತೆಯ ಮಧ್ಯೆ ಒಂಟಿಯಾಗಿ ನೆನೆಯುತ್ತದೆ. ಕುಟುಂಬದ ಕಥೆ ಹೇಳಿದ ಯಾವ ಚಿತ್ರದಲ್ಲೂ ಇದಕ್ಕಿಂತ ನಿಷ್ಠುರವಾದ ಸಾವಿನ ದೃಶ್ಯವನ್ನು ನಾನು ನೋಡಿಲ್ಲ.

ರೈಟ್ಸ್ ಇದನ್ನು 1992, 2004ರಲ್ಲಿ ಮುಂದುವರಿಸಿದರು. 2013ರಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೆಜಿಲ್‌ಗೆ ವಲಸೆ ಹೊರಟ ಅದೇ ಸೀಮೆಯವರ ಕಥೆ ಹೇಳಿದರು. ನೀವು ಮೊದಲನೆಯದರಿಂದಲೇ ಶುರುಮಾಡಿ. ರಜೆಯಲ್ಲಿ ಒಂದೇ ಉಸಿರಿಗೆ ಮುಗಿಸಬೇಡಿ, ವಾರಕ್ಕೊಂದು ಕಂತು ಸಾಕು. ಮೊದಲನೆಯದರ ನಂತರದ ಕಂತುಗಳ ಆರಂಭದಲ್ಲಿ ಊರಿನ ಗ್ಲಾಜಿಶ್ ಹಳೆಯ ಫೋಟೊಗಳನ್ನು ಹರಡಿಕೊಂಡು ಹಿಂದಿನದನ್ನು ನೆನಪಿಸುತ್ತಾನೆ; ಆ ಭಾಗವನ್ನು ಓಡಿಸದೆ ನೋಡಿ.