ಕಂಟ್ರೋಲ್ ಬಿ, ಆಮೇಲೆ ಡಿ

2019ರ ಮಳೆಗಾಲದ ಒಂದು ಸಂಜೆ. ಧಾರವಾಡದಿಂದ ಬಂದು ಮುಂಬಯಿಯ ಪವಾಯಿಯಲ್ಲಿ ಸಂಶೋಧನೆಗೆ ಸೇರಿದ್ದ ಹುಡುಗ ನಮ್ಮ ಮನೆಗೆ ಬಂದವನೇ ಕೊಡೆಯನ್ನೂ ಮಡಚದೆ ಬಾಗಿಲಲ್ಲೇ ನಿಂತ. "ಎಲ್ಲಾ ಹೋತ್ರಿ ಸರ್. ಒಂದೂವರೆ ದಿನದ್ದು ಕೆಲಸ."

ನಾವಿಬ್ಬರೂ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಹುಡುಕಲು ಬರುವಂಥ ಪಠ್ಯವಾಗಿ ಮಾಡುವ ಹವ್ಯಾಸಕ್ಕೆ ಬಿದ್ದಿದ್ದೆವು. ಟೆಸೆರಾಕ್ಟ್ ಎಂಬ ತಂತ್ರಾಂಶ ಕನ್ನಡದ ಅಚ್ಚಕ್ಷರವನ್ನು ಗುರುತಿಸುತ್ತದೆ. ಪುಟ ಸ್ವಚ್ಛ ಮಾಡುವುದೂ ಸೇರಿ ಪುಟಕ್ಕೆ ಅರ್ಧ ನಿಮಿಷ, ನಾಲ್ಕು ಸಾವಿರ ಪುಟ. ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೊಕ್ಕು ಅವನು ಕೆಲಸ ಹಚ್ಚಿದ್ದ. ಇನ್ನೇನು ಮುಗಿಯಬೇಕು ಎನ್ನುವಾಗ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಕಾಂಜೂರ್‌ಮಾರ್ಗದಲ್ಲಿ ಲೋಕಲ್ ಹತ್ತಿ ಡೊಂಬಿವಲಿಯ ಸೋದರಮಾವನ ಮನೆಗೆ ಹೋಗಿ ಬಂದಿದ್ದಾನೆ. ಮತ್ತೆ ತೆರೆದು ನೋಡಿದರೆ ಕೆಲಸ ಸತ್ತಿದೆ. ಪಠ್ಯವೆಲ್ಲ ಕೊನೆಗೆ ಒಂದೇ ಕಡತಕ್ಕೆ ಇಳಿಯುವಂತೆ ಬರೆದಿದ್ದರಿಂದ ಒಂದು ಪುಟವೂ ಉಳಿದಿಲ್ಲ.

ಅವನು ಕೇಳಿದ ಪ್ರಶ್ನೆ ಮಾತ್ರ ಚೆನ್ನಾಗಿತ್ತು. "ಕೆಲಸ ನಡದದ್ದು ಬೆಂಗಳೂರಾಗ. ನಾ ಮುಚ್ಚಿದ್ದು ಇಲ್ಲಿ ಲ್ಯಾಪ್‌ಟಾಪ್. ಅದು ಯಾಕ ಸಾಯಬೇಕ್ರಿ?"

ಈ ವಾರದ ಅಂಕಣವೆಲ್ಲ ಆ ಪ್ರಶ್ನೆಗೇ ಸೇರಿದ್ದು.

ಯುನಿಕ್ಸ್‌ನಲ್ಲಿ 'ಹಪ್' ಎಂಬ ಸಂಕೇತವಿದೆ. 'ಹ್ಯಾಂಗ್ ಅಪ್' ಎಂಬುದರ ಮೊಟಕು ರೂಪ, ಅಂದರೆ ಫೋನ್ ಇಟ್ಟುಬಿಡುವುದು. ಟರ್ಮಿನಲ್ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ, ನಡುವೆ ಮೋಡೆಮ್ಮೂ ದೂರವಾಣಿ ತಂತಿಯೂ ಇದ್ದ ಕಾಲದ ಮಾತು. ಆಚೆಯವರು ಫೋನ್ ಇಟ್ಟರೆ, ಕೇಳುವವರು ಹೋದರೆಂದು ಕಂಪ್ಯೂಟರ್ ಅವರ ಕಾರ್ಯಕ್ರಮಗಳಿಗೆಲ್ಲ ಹಪ್ ಕಳಿಸುತ್ತಿತ್ತು. ಅದನ್ನು ಪಡೆದ ಕಾರ್ಯಕ್ರಮ, ಬೇರೆ ಏರ್ಪಾಡು ಇಲ್ಲದಿದ್ದರೆ, ಅಲ್ಲಿಗೇ ಮುಗಿಯುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದು ಬೇಡ ಎಂಬ ಮಿತವ್ಯಯದ ಬುದ್ಧಿ ಅದು. ಇಂದು ತಂತಿ ಹೋಗಿದೆ, ನಿಯಮ ಉಳಿದಿದೆ. ಹುಡುಗನ ಲ್ಯಾಪ್‌ಟಾಪ್ ನಿದ್ದೆ ಹೋದಾಗ ಬೆಂಗಳೂರಿನ ಸರ್ವರ್ ಸ್ವಲ್ಪ ಹೊತ್ತು ಕಾದು, ಉತ್ತರ ಬರದೇ ಇದ್ದಾಗ ಸಂಪರ್ಕ ಕಡಿದು, ಹಪ್ ಕಳಿಸಿತು.

ಫೋನಿನ ಈ ಕಥೆಗೆ ಪವಾಯಿಯಲ್ಲೇ ಒಂದು ನಂಟಿದೆ. 1986ರಲ್ಲಿ ಶಿಕ್ಷಣ-ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಅರ್ನೆಟ್ ಜಾಲದ ಯೋಜನೆ ಶುರುವಾದಾಗ ಅದರೊಳಗೆ ಪವಾಯಿಯ ಐಐಟಿ ಇತ್ತು, ಜುಹೂವಿನ ತಂತ್ರಾಂಶ ಕೇಂದ್ರ ಎನ್‌ಸಿಎಸ್‌ಟಿ ಇತ್ತು, ಬೆಂಗಳೂರಿನ ಐಐಎಸ್‌ಸಿಯೂ ಇತ್ತು. ಮೊದಮೊದಲು ಜುಹೂವಿಗೂ ಪವಾಯಿಗೂ ನಡುವೆ ಇ-ಮೇಲ್ ಓಡಾಡಿದ್ದು ಮೋಡೆಮ್ಮಿನಿಂದ ಫೋನ್ ಡಯಲ್ ಮಾಡಿಯೇ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1987ರಲ್ಲಿ, ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಓಲಿವರ್ ಲೌಮನ್ ಮತ್ತು ಕಾರ್ಸ್ಟೆನ್ ಬೋರ್ಮನ್ 'ಸ್ಕ್ರೀನ್' ಬರೆದರು. ಒಂದೇ ಟರ್ಮಿನಲ್ಲಿನಲ್ಲಿ ಹಲವು ಕಿಟಕಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸ್ಕ್ರೀನ್‌ಗೆ ಆಮೇಲೆ ಸೇರಿದ ಇನ್ನೊಂದು ಗುಣ: ಫೋನ್ ಇಟ್ಟರೂ ಕೆಲಸ ನಿಲ್ಲದಿರುವುದು.

ಇಂದು ನಾನು ಬಳಸುವ ಟಿಮಕ್ಸ್ ಅದರ ತಮ್ಮ. 2007ರಲ್ಲಿ ನಿಕೋಲಸ್ ಮ್ಯಾರಿಯಟ್ ಬರೆದದ್ದು, 2009ರ ಹೊತ್ತಿಗೆ ಓಪನ್‌ಬಿಎಸ್‌ಡಿ ವ್ಯವಸ್ಥೆಯ ಅಂಗವೇ ಆಯಿತು. ಅದರ ಉಪಾಯ ಸರಳ. ನೀವು ಟಿಮಕ್ಸ್ ಎಂದು ಬೆರಳಚ್ಚಿಸಿದಾಗ ಆ ಯಂತ್ರದಲ್ಲಿ ಟಿಮಕ್ಸ್‌ನದೇ ಒಂದು ಸರ್ವರ್ ಎದ್ದು ಕೂರುತ್ತದೆ. ನಿಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್‌ಗಳಿಗೆ ಟರ್ಮಿನಲ್ ಆಗಿ ನಿಲ್ಲುವುದು ಅದೇ. ನಿಮ್ಮ ಕಣ್ಣೆದುರಿನ ಪರದೆ ಅದನ್ನು ನೋಡುವ ಕಿಂಡಿ ಮಾತ್ರ. ಎಸ್‌ಎಸ್‌ಎಚ್ ಕಡಿದಾಗ ಹಪ್ ತಾಗುವುದು ಕಿಂಡಿಗೆ. ಒಳಗಿನ ಶೆಲ್‌ಗಳ ಟರ್ಮಿನಲ್ ಅಲ್ಲೇ ಇದೆ, ಅವುಗಳಿಗೆ ಸುದ್ದಿಯೂ ಮುಟ್ಟುವುದಿಲ್ಲ.

ಇಷ್ಟು ಹೇಳಿ ಹುಡುಗನಿಗೆ ಕಲಿಸಿದ್ದು ಒಂದೇ ಒಂದು ಬೆರಳಾಟ. ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತು, ಬಿಡು, ಆಮೇಲೆ ಡಿ. ಪರದೆ ಕಳಚಿಕೊಳ್ಳುತ್ತದೆ, ಕೆಲಸ ನಡೆಯುತ್ತಲೇ ಇರುತ್ತದೆ. ನಾಳೆ ಬೇರೆ ಊರಿನಿಂದ, ಬೇರೆ ಯಂತ್ರದಿಂದ ಬಂದು 'ಅಟ್ಯಾಚ್' ಎಂದರೆ ಬಿಟ್ಟಲ್ಲಿಂದಲೇ ಮತ್ತೆ ಕಾಣುತ್ತದೆ.

ಹೊಸಬರು ಟಿಮಕ್ಸ್‌ಗೆ ಮನಸೋಲುವುದು ಪರದೆಯನ್ನು ತುಂಡು ಮಾಡುವ ಸಂಭ್ರಮಕ್ಕೆ. ಪ್ರಿಫಿಕ್ಸ್, ಅಂದರೆ ಅದೇ ಕಂಟ್ರೋಲ್ ಬಿ, ಒತ್ತಿ ಆಮೇಲೆ ಶೇಕಡಾ ಚಿಹ್ನೆ ಒತ್ತಿದರೆ ಎಡ-ಬಲ, ಉದ್ಧರಣ ಚಿಹ್ನೆ ಒತ್ತಿದರೆ ಮೇಲೆ-ಕೆಳಗೆ. ನೋಡನೋಡುತ್ತ ಎಂಟು ತುಂಡು, ಒಂದರಲ್ಲೂ ಒಂದು ಸಾಲು ಪೂರ್ತಿ ಕಾಣದು. ನನ್ನ ಅನುಭವದಲ್ಲಿ ಒಂದು ಕಿಟಕಿಗೆ ಎರಡು ತುಂಡು, ಅಂದರೆ ಎರಡು ಪೇನ್, ಸಾಕು: ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ಅದರ ಲಾಗ್. ಲಾಗ್ ಸರಿಯಾಗಿ ಓದಬೇಕೆನಿಸಿದರೆ ಪ್ರಿಫಿಕ್ಸ್ ಮತ್ತು ಝಡ್. ಆ ಪೇನ್ ಪರದೆ ತುಂಬ ಹರಡುತ್ತದೆ, ಮತ್ತೆ ಒತ್ತಿದರೆ ತನ್ನ ಜಾಗಕ್ಕೆ ಮರಳುತ್ತದೆ. ಈ ಝಡ್ ಕಲಿತವರು ತುಂಡು ಮಾಡುವುದನ್ನು ತಾವಾಗಿಯೇ ಕಡಿಮೆ ಮಾಡುತ್ತಾರೆ.

ಅದಕ್ಕಿಂತ ಮುಖ್ಯ, ಹೆಸರು. ಹೆಸರಿಡದಿದ್ದರೆ ಟಿಮಕ್ಸ್ ಸೆಷನ್‌ಗಳಿಗೆ, ಅಂದರೆ ಒಟ್ಟಿಗೆ ತೆರೆದಿಟ್ಟ ಕಿಟಕಿಗಳ ಗುಂಪುಗಳಿಗೆ, ಸೊನ್ನೆ, ಒಂದು, ಎರಡು ಎಂದು ಅಂಕಿ ಕೊಡುತ್ತದೆ. ಮೂರು ವಾರದ ಮೇಲೆ ಮರಳಿದಾಗ 'ಎರಡು' ಯಾವುದೆಂದು ಯಾರಿಗೆ ನೆನಪು? ಪ್ರಿಫಿಕ್ಸ್ ಒತ್ತಿ ಡಾಲರ್ ಚಿಹ್ನೆಯಿಂದ ಸೆಷನ್‌ಗೆ, ಅಲ್ಪವಿರಾಮದಿಂದ ಕಿಟಕಿಗೆ ಹೆಸರಿಡಬಹುದು. ನಾನು ಕೆಲಸದ ಹೆಸರನ್ನೇ ಇಡುತ್ತೇನೆ, ಊರಿನದ್ದೋ ಯಂತ್ರದ್ದೋ ಅಲ್ಲ.

ಪ್ರಿಫಿಕ್ಸ್ ಬಗ್ಗೆ ಬಳಸುವವರ ಬಳಗದಲ್ಲಿ ಹಳೆಯ ಜಗಳವಿದೆ. ಸ್ಕ್ರೀನ್‌ನದು ಕಂಟ್ರೋಲ್ ಎ. ಅದಕ್ಕೆ ಒಗ್ಗಿದವರು ಟಿಮಕ್ಸ್‌ನಲ್ಲೂ ಅದನ್ನೇ ಕಟ್ಟಿಕೊಳ್ಳುತ್ತಾರೆ, ಬಿ ಗೆ ಬೆರಳು ಚಾಚಬೇಕು ಎನ್ನುತ್ತಾರೆ. ನಾನು ಬಿ ಬದಲಿಸುವುದಿಲ್ಲ. ಶೆಲ್‌ನಲ್ಲಿ ಕಂಟ್ರೋಲ್ ಎ ಒತ್ತಿದರೆ ಸಾಲಿನ ಮೊದಲಿಗೆ ಹೋಗುತ್ತೇವೆ, ದಿನಕ್ಕೆ ನೂರು ಸಲ ಬೇಕಾಗುವ ಅನುಕೂಲ ಅದು. ಮೇಲಾಗಿ ಅಪರಿಚಿತ ಸರ್ವರಿನಲ್ಲಿ, ನಡುರಾತ್ರಿ, ನಮ್ಮ ಸಂರಚನಾ ಕಡತ ಇಲ್ಲದ ಕಡೆ ಬೆರಳಿಗೆ ಗೊತ್ತಿರಬೇಕಾದದ್ದು ಎಲ್ಲೆಡೆ ಇರುವ ಕೀಲಿ. ಬದಲಿಸುವುದಾದರೆ ಹಳೆಯ ಸಾಲುಗಳನ್ನು ನೆನಪಿಡುವ ಮಿತಿಯನ್ನು ಬದಲಿಸಿ. ಮೂಲದಲ್ಲಿ ಅದು 2,000 ಸಾಲು. ಉದ್ದನೆಯ ಕೆಲಸದ ಮೊದಲ ತಪ್ಪು ಅಷ್ಟರೊಳಗೆ ಸಿಗುವುದು ಅಪರೂಪ.

ಟಿಮಕ್ಸ್ ಕೈಲಾಗದ್ದೂ ಇದೆ. ಆ ಯಂತ್ರವೇ ಮರುಚಾಲನೆಯಾದರೆ ಸೆಷನ್ ಹೋಗುತ್ತದೆ. ಹಾಗಾಗಿ ನಾವು ಪಠ್ಯವನ್ನು ಪುಟಕ್ಕೊಂದು ಕಡತವಾಗಿ ಬರೆಯುವಂತೆ ಕೆಲಸವನ್ನು ತಿದ್ದಿಕೊಂಡೆವು. ನಿಂತರೂ ನಿಂತಲ್ಲಿಂದ ಎಬ್ಬಿಸಬಹುದು.

2020ರ ಮಾರ್ಚ್‌ನಲ್ಲಿ ಹುಡುಗ ಊರಿಗೆ ಹೋದ, ಅಲ್ಲೇ ಉಳಿದ. ಟಿಮಕ್ಸ್‌ನ ಇನ್ನೊಂದು ಗುಣ ಆಗ ನಮ್ಮ ಕೈಹಿಡಿಯಿತು. ಒಂದೇ ಸೆಷನ್‌ಗೆ ಇಬ್ಬರು ಅಟ್ಯಾಚ್ ಆಗಬಹುದು. ಅವನು ಒತ್ತಿದ ಅಕ್ಷರ ನನ್ನ ಪರದೆಯಲ್ಲಿ, ನನ್ನದು ಅವನದರಲ್ಲಿ. ಚಿತ್ರ ಕಳಿಸುವ ವಿಡಿಯೋ ಕರೆ ಅವನ ಹಳ್ಳಿಯ ನೆಟ್‌ವರ್ಕಿಗೆ ಭಾರವಾಗುತ್ತಿತ್ತು. ಇಲ್ಲಿ ಹೋಗಿ ಬರುವುದು ಅಕ್ಷರ ಮಾತ್ರ, ಎಷ್ಟು ಸಣ್ಣ ಸಂಪರ್ಕವಾದರೂ ಸಾಕು. ಫೋನ್ ಸ್ಪೀಕರಿನಲ್ಲಿಟ್ಟು ಮಾತು, ಟರ್ಮಿನಲ್ಲಿನಲ್ಲಿ ಕೈ. "ತಡೀರಿ ಸರ್, ನಾ ಟೈಪ್ ಮಾಡ್ತೀನಿ" ಎನ್ನುವುದನ್ನು ಕೇಳುತ್ತ ಅವನ ಕರ್ಸರ್ ಓಡುವುದನ್ನು ನೋಡುತ್ತಿದ್ದೆ. ಯಾರ ಪಕ್ಕದಲ್ಲಿ ಕೂತು ಕಲಿಸಿದಾಗಲೂ ನನಗೆ ಅಷ್ಟು ಹತ್ತಿರ ಅನಿಸಿದ್ದಿಲ್ಲ.

ಆ ವರ್ಷ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಗ್ರಿಡ್ ಕೈಕೊಟ್ಟು ಮುಂಬಯಿಗೆ ಮುಂಬಯಿಯೇ ಕತ್ತಲಾಯಿತು, ಲೋಕಲ್‌ಗಳು ಹಳಿಯ ಮೇಲೇ ನಿಂತವು. ನಮ್ಮ ಮನೆಯ ವೈಫೈ ಆರಿತು, ಮೊಬೈಲ್ ಸಿಗ್ನಲ್ಲೂ ಸೊರಗಿತು. ನಾವಿಬ್ಬರೂ ಆಗ ಒಂದು ಪುಸ್ತಕದ ನಡುವೆ ಇದ್ದೆವು. ಮಾಡುವುದೇನೂ ಇರಲಿಲ್ಲ. ಕಿಟಕಿ ಪಕ್ಕ ಕೂತೆ.

ಮಧ್ಯಾಹ್ನ ಕರೆಂಟ್ ಬಂದ ಮೇಲೆ ಸರ್ವರಿಗೆ ಹೊಕ್ಕು ಅಟ್ಯಾಚ್ ಆದೆ. ಕೆಳಗಿನ ಹಸಿರು ಪಟ್ಟಿ ಮೂಡಿತು. ಎಡ ಪೇನ್‌ನಲ್ಲಿ ಪುಟಗಳು ಓಡುತ್ತಿದ್ದವು. ನಾನು ಬಿಟ್ಟಾಗ ಇದ್ದುದಕ್ಕಿಂತ ಮುನ್ನೂರು ಪುಟ ಮುಂದೆ. ಅವನು ನಡುವೆ ಒಂದು ತಪ್ಪು ಪುಟವನ್ನು ತೆಗೆದು ಮತ್ತೆ ಹಚ್ಚಿದ್ದೂ ಕಂಡಿತು. ಬಲ ಪೇನ್‌ನಲ್ಲಿ, ಶೆಲ್ ಅದನ್ನು ಆಜ್ಞೆಯೆಂದು ತಿಳಿಯದಿರಲೆಂದು ಮುಂದೆ ಹ್ಯಾಶ್ ಚಿಹ್ನೆ ಹಾಕಿ, ಕನ್ನಡದಲ್ಲಿ ಒಂದು ಸಾಲು ಬರೆದಿಟ್ಟಿದ್ದ. ಟರ್ಮಿನಲ್ ಪರದೆಯನ್ನು ಸಮ ಅಗಲದ ಚೌಕಗಳಾಗಿ ಎಣಿಸುತ್ತದೆ. ನಮ್ಮ ಒತ್ತಕ್ಷರ ಒಂದು ಚೌಕದಲ್ಲಿ ಹಿಡಿಯುವುದಿಲ್ಲ, ಮುರಿದು ಚದುರುತ್ತದೆ. ಗುಣಿತದ ಚಿಹ್ನೆಗಳು ಪಕ್ಕಕ್ಕೆ ಸರಿದಿದ್ದವು, ರಾವೊತ್ತು ತನ್ನ ಅಕ್ಷರ ಬಿಟ್ಟು ದೂರ ನಿಂತಿತ್ತು. ಜೋಡಿಸಿಕೊಂಡು ಓದಿದೆ.

"ಸರ್, ಕರೆಂಟ್ ಬಂದ ಮ್ಯಾಲೆ ಹೇಳ್ರಿ. ಅಲ್ಲೀತನಕ ನಾ ನೋಡ್ಕೋತೀನಿ."